ಹಾಳು ಮನೆಯ ಅಂಗಳದಲ್ಲಿ

ದಟ್ಟ ಕಾಡಿನ ನಡುವೆ ಕಲ್ಲಿನ ಬೇಲಿ ಹಾದುಹೋಗುವುದನ್ನು ಕಂಡಿದ್ದೀರಾ? ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿರುವ ಮಗನ ಮನೆಗೆ ಹೋಗಿದ್ದಾಗ ನಾನು ಕಂಡೆ. ಒಂದು ಕಾಲದಲ್ಲಿ ಅದು ಹೊಲವಾಗಿತ್ತು. 19ನೆಯ ಶತಮಾನದಲ್ಲಿ ಅಲ್ಲಿನ ಅನೇಕ ರೈತರು ಕಲ್ಲುನೆಲವನ್ನು ತೊರೆದು ಪಶ್ಚಿಮದ ಬಯಲಿಗೂ ಗಿರಣಿಯ ಊರುಗಳಿಗೂ ಹೊರಟುಹೋದರು. ಮನೆಗಳು ಕುಸಿದವು. ಉಳಿದದ್ದು ಕಲ್ಲು ಕಟ್ಟಿದ ನೆಲಮಾಳಿಗೆಯ ಹಳ್ಳ, ಬಾಗಿಲ ಬಳಿ ಯಾರೋ ನೆಟ್ಟಿದ್ದ ಲೈಲ್ಯಾಕ್ ಹೂವಿನ ಗಿಡ.

ಮಗನ ಗೆಳೆಯರು ಜಮೀನಿನ ಒಡತಿಯ ಅನುಮತಿ ಪಡೆದು, ಲೋಹಶೋಧಕ ಯಂತ್ರ ಹಿಡಿದು ಅಲ್ಲಿಗೆ ಹೊರಟಾಗ ನಾನೂ ಜೊತೆಗೂಡಿದೆ. (ನಮ್ಮ ಕರ್ನಾಟಕದಲ್ಲಾದರೆ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕೆನ್ನುವ 1962ರ ಕಾಯಿದೆಯೇ ಇದೆ!) ಅವರಿಗೆ 1857ರವರೆಗೆ ಟಂಕಿಸುತ್ತಿದ್ದ ದೊಡ್ಡ ತಾಮ್ರದ ಸೆಂಟ್ ನಾಣ್ಯದ ಆಸೆ. ಯಂತ್ರ ಕೂಗಿದಲ್ಲೆಲ್ಲ ಅಗೆದರೂ ಸಿಕ್ಕಿದ್ದು ಚೌಕ ಮೊಳೆ, ಅಂಗಿಯ ಗುಂಡಿ, ಎತ್ತಿನ ಲಾಳ. ಅಗೆದ ಕುಳಿಗಳನ್ನೆಲ್ಲ ಮತ್ತೆ ಮುಚ್ಚಿದೆವು.

ಸಂಜೆ ನನ್ನ ಕೈಗೆ ಬಂದದ್ದು, ಹೊಲಿಯುವಾಗ ಬೆರಳಿಗೆ ತೊಡುವ ಹಿತ್ತಾಳೆಯ ಪುಟ್ಟ ಟೋಪಿ. ಸೂಜಿ ಒತ್ತಿ ಒತ್ತಿ ಅದರ ತುದಿ ತೂತಾಗಿತ್ತು. ನನ್ನ ಅಮ್ಮನದೂ ಹಾಗೆಯೇ ಇತ್ತು. ಅಮ್ಮ ತೀರಿಕೊಂಡ ಮೇಲೆ ಊರಿನ ಮನೆಗೆ ಬೀಗ ಹಾಕಿ ಒಂಬತ್ತು ವರ್ಷ. ಅವಳ ಹೊಲಿಗೆಯ ಪೆಟ್ಟಿಗೆಯನ್ನು ನಾನಿನ್ನೂ ತೆರೆದಿಲ್ಲ.

“ನೀವೇ ಇಟ್ಟುಕೊಳ್ಳಿ” ಎಂದರು ಒಡತಿ. ನನಗೆ ಮನಸ್ಸಾಗಲಿಲ್ಲ, ಅವರ ಅಂಗೈಯಲ್ಲಿಟ್ಟು ಬಂದೆ. ಅಂದು ರಾತ್ರಿ ಊರಿನ ನೆರೆಮನೆಯವರಿಗೆ ಫೋನ್ ಮಾಡಿ, ಮಾಡಿನ ಹಂಚುಗಳು ಸರಿಯಿವೆಯೇ ಎಂದು ಕೇಳಿದೆ.