ಆಸ್ತಿಯೊಡನೆ ಬಂದ ಋಣ

ಒಡೆದ ಮನೆಯನ್ನು ಕೂಡಿಸುವುದು ಒಡೆಯುವುದಕ್ಕಿಂತ ಕಷ್ಟವೆಂಬುದು ಗೃಹಸ್ಥರಾದ ವಾಚಕರಿಗೆ ನಾವು ಹೇಳಿಕೊಡಬೇಕಾದ ಮಾತಲ್ಲ. ಪಾಲು ಮಾಡುವಾಗ ಪಾತ್ರೆಪದಾರ್ಥಗಳನ್ನೂ ಹೊಲಗದ್ದೆಗಳನ್ನೂ ಎಣಿಸಿದರೆ ಸಾಕು. ಕೂಡುವಾಗಲಾದರೋ ಯಾರ ಸಾಲ ಎಷ್ಟು, ಎರಡು ಒರಳುಗಳಿದ್ದರೆ ಉಳಿಯತಕ್ಕದ್ದು ಯಾವುದು, ಹಳೆಯ ಬಾಗಿಲಿಗೆ ಬಂದ ಅತಿಥಿಯನ್ನು ಒಳಕ್ಕೆ ಕರೆಯತಕ್ಕವರಾರು ಎಂಬ ಪ್ರಶ್ನೆಗಳೆಲ್ಲವೂ ಒಮ್ಮೆಗೇ ಎದ್ದು ನಿಲ್ಲುತ್ತವೆ. ಕಲ್ಲುಮಣ್ಣಿನ ಮನೆಗಳಿಗೆ ಮಾತ್ರವಲ್ಲದೆ ಇಂಟರ್ನೆಟ್ಟಿನ ಜಾಲತಾಣಗಳಿಗೂ ಈ ನ್ಯಾಯವು ಸಲ್ಲುವುದೆಂಬುದನ್ನು ನಾವು ಕಳೆದ ಎರಡು ವರ್ಷಗಳಲ್ಲಿ ಅನುಭವದಿಂದ ತಿಳಿದೆವು.

ನಾವೂ ನಮ್ಮ ಇಬ್ಬರು ಸಹೋದ್ಯೋಗಿಗಳೂ ಪಾಠಶಾಲೆಯಲ್ಲಿದ್ದಾಗಲೇ ಒಂದೊಂದು ಜಾಲತಾಣವನ್ನು ನಡೆಸುತ್ತಿದ್ದೆವು. ನಮ್ಮದರಲ್ಲಿ ಸಂಸ್ಕೃತ ವ್ಯಾಕರಣದ ಪಾಠಗಳು. ಎರಡನೆಯವರದರಲ್ಲಿ ಛಂದಸ್ಸು, ಅಲಂಕಾರ. ವಯಸ್ಸಿನಲ್ಲಿ ಹಿರಿಯರಾದ ಮೂರನೆಯವರದರಲ್ಲಿ ತತ್ಸಮ ತದ್ಭವಗಳು ಹಾಗೂ ಹಳೆಯ ಶಬ್ದಗಳ ವಿಚಾರ. ಆ ಹಿರಿಯರು ತೀರಿಕೊಂಡರು. ಅವರ ಮಕ್ಕಳು ತಾಣದ ಬೀಗದ ಕೈಯನ್ನು ನಮಗೊಪ್ಪಿಸಿ, “ತಂದೆಯವರ ಬರಹ ಹಾಳಾಗದಂತೆ ನೋಡಿಕೊಳ್ಳಿರಿ” ಎಂದರು. ಎರಡನೆಯವರ ದೃಷ್ಟಿಯೂ ಮಂದವಾಗುತ್ತ ಬಂದಿತ್ತು. ಮೂರನ್ನೂ ಒಂದುಗೂಡಿಸಿದರೆ ಮುಂದೆ ಒಬ್ಬ ಶಿಷ್ಯನಾದರೂ ಕಾಪಾಡಿಯಾನೆಂದು ನಿಶ್ಚಯಿಸಿದೆವು. ಆಗ ಕಣ್ಣಿಗೆ ಬಿದ್ದದ್ದು, ಹಿರಿಯರ ತಾಣದ ಮೇಲೆ ಶೋಧಕಯಂತ್ರದವರು ವಿಧಿಸಿದ್ದ ದಂಡದ ಸೂಚನೆ.

ಈ ದಂಡವೆಂದರೇನೆಂಬುದನ್ನು ಎರಡು ಮಾತಿನಲ್ಲಿ ತಿಳಿಸುವುದು ಉಚಿತ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡುತ್ತಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಎಂಬ ತರುಣರು ೧೯೯೮ರಲ್ಲಿ ಒಂದು ಉಪಾಯವನ್ನು ಪ್ರಕಟಿಸಿದರು. ಒಂದು ಪುಟವು ಮತ್ತೊಂದರ ಕಡೆಗೆ ಕೊಂಡಿ ಹಾಕಿದರೆ ಅದು ಸಾಕ್ಷಿ ನುಡಿದಂತೆ. ಗಣ್ಯವಾದ ಪುಟದ ಸಾಕ್ಷಿಗೆ ಬೆಲೆ ಹೆಚ್ಚು. ಅದರಂತೆ ಪುಟಗಳಿಗೆ ಪಂಕ್ತಿಯಲ್ಲಿ ಸ್ಥಾನ. ಗೂಗಲ್ ಹುಟ್ಟಿದ್ದು ಈ ತತ್ತ್ವದಿಂದಲೇ. ಸಾಕ್ಷಿಗೆ ಬೆಲೆ ಬಂದೊಡನೆ ಸುಳ್ಳುಸಾಕ್ಷಿಗಳ ಸಂತೆಯೂ ನೆರೆಯಿತು. ಅದನ್ನು ತಡೆಯಲು ದಂಡನೀತಿಯು ಹುಟ್ಟಿತು. ಮನುಷ್ಯರಿಗೊಂದು ಯಂತ್ರಕ್ಕೊಂದು ಪುಟವನ್ನು ತೋರಿಸಿದ ಕಾರಣಕ್ಕೆ ೨೦೦೬ರಲ್ಲಿ ಬಿ.ಎಂ.ಡಬ್ಲ್ಯು. ಮೋಟಾರು ಸಂಸ್ಥೆಯ ಜರ್ಮನ್ ತಾಣವನ್ನೇ ಗೂಗಲ್ ಕೆಲವು ದಿನ ಪಟ್ಟಿಯಿಂದ ಹೊರಗಿಟ್ಟಿತು. ಸಂಬಂಧವಿಲ್ಲದ ತಾಣಗಳಿಂದ ಜೆ. ಸಿ. ಪೆನ್ನಿ ಎಂಬ ಅಮೆರಿಕದ ಅಂಗಡಿಗೆ ರಾಶಿರಾಶಿಯಾಗಿ ಕೊಂಡಿಗಳು ಬಿದ್ದಿದ್ದುದನ್ನು ೨೦೧೧ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬಯಲಿಗೆಳೆಯಲು, ಅದರ ಸ್ಥಾನವೂ ಕುಸಿಯಿತು. ೨೦೧೨ರ ಏಪ್ರಿಲ್ ೨೪ರಂದು ಬಂದ ‘ಪೆಂಗ್ವಿನ್’ ಎಂಬ ಮಾರ್ಪಾಟು ಈ ನಿಗ್ರಹವನ್ನು ಯಂತ್ರಕ್ಕೇ ಒಪ್ಪಿಸಿತು. ಹೀಗೆ ದಂಡವು ಎರಡು ಬಗೆ. ಯಂತ್ರವು ತಾನೇ ಇಳಿಸುವುದು ಒಂದು, ಇದಕ್ಕೆ ಸೂಚನೆಯಿಲ್ಲ. ಮನುಷ್ಯರು ಪರಿಶೀಲಿಸಿ ವಿಧಿಸುವುದು ಇನ್ನೊಂದು. ಇದಕ್ಕೆ ಸೂಚನೆಯೂ ಉಂಟು, ಪುನರ್ವಿಚಾರಣೆಗೆ ಅರ್ಜಿ ಹಾಕುವ ದಾರಿಯೂ ಉಂಟು. ನಮಗೆ ಬಂದುದು ಎರಡನೆಯದು.

ಕಾರಣವು ಹಳೆಯ ಕಾಗದಗಳಲ್ಲಿ ಸಿಕ್ಕಿತು. ಹಿರಿಯರು ಹಾಸಿಗೆ ಹಿಡಿದಿದ್ದಾಗ, ಪಂಕ್ತಿಯಲ್ಲಿ ಮೊದಲ ಸ್ಥಾನವನ್ನು ಕೊಡಿಸುವೆವೆಂದು ಬಂದ ಒಂದು ಸಂಸ್ಥೆಯವರು ಅವರಿಂದ ವರ್ಷಾಶನದಂತೆ ಹಣ ಪಡೆದು, ಜೂಜಿನ ತಾಣಗಳಿಂದಲೂ ಸಾಲ ಕೊಡುವವರ ತಾಣಗಳಿಂದಲೂ ನೂರಾರು ಕೊಂಡಿಗಳನ್ನು ಕೊಂಡು ತಂದಿದ್ದರು. ಶಬ್ದದ ಮೂಲವನ್ನು ಹುಡುಕುವುದರಲ್ಲಿ ಆಯುಷ್ಯವನ್ನು ಸವೆಸಿದ ಆ ಸಾತ್ವಿಕರಿಗೆ ಇದರ ಗಂಧವೂ ಇರಲಿಲ್ಲ.

ಈಗ ಮಾಡತಕ್ಕದ್ದೇನು? ಎರಡನೆಯವರು, “ಬರಹವನ್ನು ನಕಲು ಮಾಡಿಕೊಂಡು ಆ ವಿಳಾಸವನ್ನು ಬಿಟ್ಟುಬಿಡೋಣ; ಹಳೆಯ ವಿಳಾಸದಿಂದ ಹೊಸದಕ್ಕೆ ದಾರಿ ಮಾಡಿದರೆ ಕೆಟ್ಟ ಕೊಂಡಿಗಳ ದೋಷವೂ ಹಿಂಬಾಲಿಸೀತು” ಎಂದರು. ಅವರ ಭಯವು ನಿರಾಧಾರವಲ್ಲ. ಅಂತಹ ದಾರಿಯಲ್ಲಿ ಗುಣದೋಷಗಳೆರಡೂ ನಡೆದು ಬರುತ್ತವೆ. ಆದರೆ ಆ ವಿಳಾಸವು ಎಷ್ಟೋ ಮಂದಿ ಉಪಾಧ್ಯಾಯರ ಟಿಪ್ಪಣಿಗಳಲ್ಲಿತ್ತು. ಪಾಠಶಾಲೆಗಳ ಪುಟಗಳಿಂದ ನಿಜವಾದ ಸಾಕ್ಷಿಗಳೂ ಅದಕ್ಕಿದ್ದವು. ಬಾಗಿಲು ಮುಚ್ಚಿದರೆ ಅವರೆಲ್ಲ ಬರಿಗೋಡೆಯನ್ನು ಕಂಡು ಹಿಂದಿರುಗಬೇಕು.

ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮ ಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಆಸ್ತಿಯನ್ನು ಸ್ವೀಕರಿಸಿದವನು ಋಣವನ್ನೂ ತೀರಿಸತಕ್ಕವನೆಂಬುದು ಆ ಸ್ಮೃತಿಯ ಅಭಿಪ್ರಾಯ. ನಾವು ಇದನ್ನು ನೆನಪಿಸಲು, ಶಾಸ್ತ್ರಜ್ಞರಾದ ಎರಡನೆಯವರು ಸುಮ್ಮನಿರುವರೆ? “ಜೂಜಿನ ಸಾಲವನ್ನು ಮಗನು ತೀರಿಸಬೇಕಾಗಿಲ್ಲವೆಂದು ಅದೇ ಸ್ಮೃತಿ ಹೇಳುತ್ತದೆ. ಈ ಕೊಂಡಿಗಳು ಬಂದದ್ದು ಜೂಜಿನ ತಾಣಗಳಿಂದಲೇ ಅಲ್ಲವೆ?” ಎಂದು ನಕ್ಕರು. ಜೂಜಾಡಿದವರು ಹಿರಿಯರಲ್ಲ, ಅವರ ಹೆಸರಿನಲ್ಲಿ ಮಧ್ಯಸ್ಥನು ಮಾಡಿದ ಸಾಲವಿದು. ತೀರಿಸದಿದ್ದರೆ ಕೆಡುವುದು ಮಧ್ಯಸ್ಥನ ಹೆಸರಲ್ಲ, ಹಿರಿಯರದು ಎಂದೆವು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಕಡೆಗೆ, “ಹಾಗಾದರೆ ಮೊದಲು ಸಾಲ, ಆಮೇಲೆ ಕೂಡಿಕೆ” ಎಂದರು. ಆ ಕ್ರಮವನ್ನೇ ಹಿಡಿದೆವು.

ಸಾಲ ತೀರಿಸಲು ಏಳು ತಿಂಗಳು ಹಿಡಿಯಿತು. ಶೋಧಕಯಂತ್ರದವರು ಕೊಡುವ ಪಟ್ಟಿಯನ್ನಿಟ್ಟುಕೊಂಡು ಕೊಂಡಿಗಳನ್ನು ಒಂದೊಂದಾಗಿ ನೋಡಿ, ನಿಜಸಾಕ್ಷಿಗಳನ್ನು ಉಳಿಸಿ, ಮಿಕ್ಕವುಗಳ ಯಜಮಾನರಿಗೆ ಕೊಂಡಿಯನ್ನು ತೆಗೆಯಬೇಕೆಂದು ಓಲೆ ಬರೆದೆವು. ಕೆಲವರು ತೆಗೆದರು; ಕೆಲವರು ತೆಗೆಯುವುದಕ್ಕೂ ಹಣ ಕೇಳಿದರು; ಬಹುಮಂದಿ ಉತ್ತರಿಸಲಿಲ್ಲ. ಇಂತಹ ಕೊಂಡಿಗಳನ್ನು ತಾವು ಒಪ್ಪುವುದಿಲ್ಲವೆಂದು ತ್ಯಾಗಪಟ್ಟಿಯೊಂದನ್ನು ಸಲ್ಲಿಸುವ ಅವಕಾಶವನ್ನು ಗೂಗಲ್ ೨೦೧೨ರ ಅಕ್ಟೋಬರಿನಲ್ಲಿ ಕಲ್ಪಿಸಿತು. ಇದು ತೀಕ್ಷ್ಣವಾದ ಔಷಧ, ರೋಗವಿಲ್ಲದವರು ಕುಡಿಯತಕ್ಕದ್ದಲ್ಲ, ಒಳ್ಳೆಯ ಸಾಕ್ಷಿಯನ್ನು ತಪ್ಪಿ ಸೇರಿಸಿದರೆ ಅದರ ಬಲವೂ ಹೋದೀತು. ಆಮೇಲೆ ಅರ್ಜಿ. ದೋಷವೇನು, ಪರಿಹಾರಕ್ಕೆ ಮಾಡಿದ್ದೇನು, ಫಲವೇನು ಎಂಬ ಮೂರನ್ನು ಮುಚ್ಚುಮರೆಯಿಲ್ಲದೆ ಬರೆಯಬೇಕು. ಮೊದಲನೆಯ ಅರ್ಜಿಯನ್ನು, ಇನ್ನೂ ಕೊಂಡಿಗಳು ಉಳಿದಿವೆಯೆಂದು ತಿರಸ್ಕರಿಸಿದರು. ಎರಡನೆಯದನ್ನು ಪುರಸ್ಕರಿಸಿ ದಂಡವನ್ನು ತೆಗೆದರು.

ಇನ್ನು ಕೂಡಿಕೆ. ಇದಕ್ಕೆ ಕನ್ನಡ ಶಾಲೆಯ ಹುಡುಗನೂ ಬಲ್ಲ ಲೋಪ, ಆಗಮ, ಆದೇಶಗಳಿಗಿಂತ ಉತ್ತಮವಾದ ಸೂತ್ರವು ನಮಗೆ ತೋರಲಿಲ್ಲ. ಮೂರು ತಾಣಗಳ ಪ್ರತಿಯೊಂದು ಪುಟದ ಹಳೆಯ ವಿಳಾಸವನ್ನೂ ಅದರ ಎದುರಿಗೆ ಹೊಸದನ್ನೂ ಬರೆದೆವು. ಒಂದೇ ವಿಷಯವು ಎರಡು ಕಡೆ ಇದ್ದಲ್ಲಿ ಉತ್ತಮವಾದುದನ್ನು ಮಾತ್ರ ಇಟ್ಟೆವು. ತದ್ಭವದ ವಿಷಯದಲ್ಲಿ ನಮ್ಮ ಪಾಠವು ಹೋಗಿ ಹಿರಿಯರದೇ ಉಳಿಯಿತು. ಎರಡೆರಡು ಸಾಲಿನ ಬಡ ಪುಟಗಳನ್ನು ಕೂಡಿಸಿ ತುಂಬಿದ ಪಾಠಗಳನ್ನಾಗಿ ಮಾಡಿದೆವು, ಇದು ಆಗಮ. ವಾರಸುದಾರರಿಲ್ಲದ ಹಳೆಯ ಪ್ರಕಟಣೆಗಳಿಗೆ ‘ಈ ಪುಟವು ಇನ್ನಿಲ್ಲ’ ಎಂಬ ೪೧೦ನೆಯ ಉತ್ತರವನ್ನು ಇಟ್ಟೆವು, ಇದು ಲೋಪ. ಮಿಕ್ಕವುಗಳಿಗೆ ೩೦೧ ಎಂಬ ಶಾಶ್ವತ ಮರುನಿರ್ದೇಶನ, ಇದೇ ಆದೇಶ. ವ್ಯಾಕರಣದಲ್ಲಿ ಆದೇಶವು ತಾನು ಯಾವುದರ ಸ್ಥಾನಕ್ಕೆ ಬಂದಿತೋ ಅದರ ಧರ್ಮವನ್ನು ಪಡೆಯುವಂತೆ, ಇಲ್ಲಿಯೂ ಹೊಸ ಪುಟವು ಹಳೆಯದರ ಮರ್ಯಾದೆಗೆ ಪಾತ್ರವಾಗುತ್ತದೆ. ಆದರೆ ವಿಷಯವು ಹೊಂದಿದರೆ ಮಾತ್ರ. ಎಲ್ಲ ಹಳೆಯ ವಿಳಾಸಗಳನ್ನೂ ಸೋಮಾರಿತನದಿಂದ ಹೊಸ ತಾಣದ ಹೆಬ್ಬಾಗಿಲಿಗೆ ತಿರುಗಿಸಿದರೆ, ಯಂತ್ರವು ಅವನ್ನು ಇಲ್ಲದ ಪುಟಗಳೆಂದೇ ಎಣಿಸಬಹುದು. ಅಡಿಗೆಮನೆಯನ್ನು ಕೇಳಿದವನನ್ನು ಬೀದಿಬಾಗಿಲಲ್ಲಿ ನಿಲ್ಲಿಸಿದರೆ ಅವನಾದರೂ ಏನು ಮಾಡಿಯಾನು?

ಒಂದೊಂದು ತಾಣವನ್ನಾಗಿ, ನಡುವೆ ಕೆಲವು ತಿಂಗಳು ಬಿಟ್ಟು ತಂದೆವು, ಹಿರಿಯರದನ್ನು ಕಡೆಗೆ. ಅವರ ತ್ಯಾಗಪಟ್ಟಿಯನ್ನು ಹೊಸ ತಾಣದ ಹೆಸರಿನಲ್ಲಿ ಮತ್ತೊಮ್ಮೆ ಸಲ್ಲಿಸಿದೆವು. ಫಲವನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳುವುದಾದರೆ, ಮೂರು ತಾಣಗಳ ಓದುಗರ ಮೊತ್ತವು ಒಂದರಲ್ಲಿ ಕಾಣಲಿಲ್ಲ. ಮೊದಲ ತಿಂಗಳುಗಳಲ್ಲಿ ಇಳಿಯಿತು. ಆಮೇಲೆ ಮೆಲ್ಲಗೆ ಏರಿತು. ದಂಡವು ಹೋದರೂ ಹಿರಿಯರ ಪುಟಗಳು ಹಿಂದಿನ ಎತ್ತರಕ್ಕೆ ಮರಳಲಿಲ್ಲ. ಆ ಎತ್ತರದಲ್ಲಿ ಕೊಂಡು ತಂದ ಪಾಲೂ ಇತ್ತಷ್ಟೆ. ಈಗಿರುವ ಸ್ಥಾನವು ಅವರ ಬರಹದ್ದೇ. ಅವರ ಮಕ್ಕಳಿಗೆ ಹಾಗೆಂದು ತಿಳಿಸಿದೆವು, ಅವರೂ ಸಮಾಧಾನಪಟ್ಟರು.

ಇನ್ನು ಮುಂದೆ ಮನೆಮನೆಯಲ್ಲಿಯೂ ಹಿರಿಯರು ಬಿಟ್ಟುಹೋಗುವ ಸೊತ್ತಿನಲ್ಲಿ ಇಂತಹ ತಾಣಗಳೂ ಇರತಕ್ಕುವೇ. ಅವನ್ನು ಸ್ವೀಕರಿಸುವವರು ಬೀಗದ ಕೈಯೊಡನೆ ಲೆಕ್ಕದ ಪುಸ್ತಕವನ್ನೂ ಕೇಳಿ ಪಡೆಯಲಿ. ಯಾರಿಗೆ ಹಣ ಕೊಟ್ಟರು, ಅವರು ಏನು ಮಾಡಿದರು ಎಂಬುದನ್ನು ಹಿರಿಯರು ಇರುವಾಗಲೇ ವಿಚಾರಿಸಲಿ. ಹಳೆಯ ವಿಳಾಸದ ವಾರ್ಷಿಕ ಶುಲ್ಕವನ್ನು ಕಟ್ಟುವುದನ್ನು ನಿಲ್ಲಿಸದಿರಲಿ. ಮರುನಿರ್ದೇಶನವನ್ನು ಒಂದು ವರ್ಷಕ್ಕೆ ಕಡಮೆಯಿಲ್ಲದಂತೆ ಇರಿಸಬೇಕೆಂದು ಗೂಗಲ್ ಹೇಳುತ್ತದೆ. ನಾವಾದರೋ ನಮ್ಮ ಕೈಯಲ್ಲಾಗುವವರೆಗೂ ಇರಿಸುವುದೆಂದು ಮಾಡಿದ್ದೇವೆ. ಯಾವುದೋ ಊರಿನ ಉಪಾಧ್ಯಾಯನೊಬ್ಬನು ಹತ್ತು ವರ್ಷಗಳ ಹಿಂದಿನ ಟಿಪ್ಪಣಿಯನ್ನು ತೆರೆದು ಆ ವಿಳಾಸವನ್ನು ಒತ್ತಿದಾಗ, ಅವನು ಹುಡುಕಿದ ಶಬ್ದವೇ, ಅದನ್ನು ವಿವರಿಸಿದವರ ಹೆಸರಿನೊಡನೆ, ಅವನೆದುರಿಗೆ ಬರಲಿ.