ಕಾಲುಪೇಟಿ

ಬೇಸಗೆಯ ಮಧ್ಯಾಹ್ನದಲ್ಲಿ ರಾಯಚೂರಿನ ಕೋಟೆಯ ಕಲ್ಲುಗಳು ಕಾದು, ಬೀದಿಗಳು ನಿರ್ಜನವಾಗಿ, ಊರೆಲ್ಲ ನೆರಳನ್ನರಸಿ ಮಲಗಿರುವ ಹೊತ್ತಿನಲ್ಲಿ, ಬಾಗಿಲನ್ನು ಮುಂದೆ ಮಾಡಿಕೊಂಡು, ಹಳೆಯದೊಂದು ಕಾಲುಪೇಟಿಯ ಅಂಗಾಂಗಗಳನ್ನು ಚಾಪೆಯ ಮೇಲೆ ಬಿಚ್ಚಿ ಹರಡಿ ಕುಳಿತಾಗ ನನಗೆ ಲಭಿಸುವ ಆನಂದಕ್ಕೆ ಸಮನಾದುದನ್ನು ನಾನು ಬೇರೆಲ್ಲಿಯೂ ಕಂಡವನಲ್ಲ. ಅನ್ಯರು ಹಾರ್ಮೋನಿಯಂ ಎಂಬುದನ್ನು ನಮ್ಮ ಸೀಮೆಯವರು ಪೇಟಿ ಎನ್ನುವರು. ಕಾಲಿನಿಂದ ಗಾಳಿಯೂಡುವ ದೊಡ್ಡದು ಕಾಲುಪೇಟಿ.

ಪೇಟಿ ನಮ್ಮ ಸೀಮೆಯನ್ನು ಮುಟ್ಟಿದ ಬಗೆಯನ್ನು ತಿಳಿಯಲು ಮೊದಲು ಅದರ ದೊಡ್ಡ ಬಂಧುವನ್ನು ನೋಡಬೇಕು. ಬೆಂಗಳೂರಿನ ಸೇಂಟ್ ಆಂಡ್ರೂಸ್ ಚರ್ಚಿನಲ್ಲಿ 1881ರ ಕಾಲದ ಪೈಪ್ ಆರ್ಗನ್ ಒಂದಿದೆ. ಆ ಜಾತಿಯ ವಾದ್ಯದಲ್ಲಿ ಸ್ವರಕ್ಕೊಂದು ಕೊಳವೆ. ಎಂಟು ಅಡಿಯ ಕೊಳವೆ ಯಾವ ಸ್ವರವನ್ನು ನುಡಿಯುವುದೋ ನಾಲ್ಕು ಅಡಿಯದು ಅದನ್ನೇ ಮೇಲಿನ ಸ್ಥಾಯಿಯಲ್ಲಿ ನುಡಿಯುತ್ತದೆ. ಅದು ಕಟ್ಟಡದೊಡನೆ ಬೆಸೆದುಕೊಂಡ ವಾದ್ಯ, ಊರೂರು ತಿರುಗತಕ್ಕದ್ದಲ್ಲ. 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೇನ್ ಹಕ್ಕುಪತ್ರ ಪಡೆದ ಹಾರ್ಮೋನಿಯಮ್ಮಿನಲ್ಲಾದರೋ ಕೊಳವೆಗಳಿಲ್ಲ, ಕಂಪಿಸುವ ಲೋಹದ ನಾಲಗೆಗಳಷ್ಟೇ. ಆದುದರಿಂದಲೇ ಅದು ಪ್ರಯಾಣಕ್ಕೆ ಒದಗಿತು. 1871ರಲ್ಲಿ ಮುಂಬಯಿಯ ಹಳಿಯೂ ಮದರಾಸಿನ ಹಳಿಯೂ ನಮ್ಮ ರಾಯಚೂರಿನಲ್ಲಿ ಸಂಧಿಸಿದ ಮೇಲೆ ಇಂಥ ಪೆಟ್ಟಿಗೆಗಳಿಗೂ ನಾಟಕ ಕಂಪನಿಗಳ ಪರದೆಗಳಿಗೂ ಈ ಸೀಮೆಯ ದಾರಿ ಸುಗಮವಾಯಿತು.

ಕಳೆದ ವರ್ಷ ನನ್ನ ಕೈಗೆ ಬಂದ ಪೇಟಿ ದೇವದುರ್ಗದ ಕಡೆಯ ಭಜನಾ ಮಂಡಳಿಯೊಂದರದು. ಪದಗಳನ್ನು ರಚಿಸಿದ ಹರಿದಾಸರಲ್ಲೊಬ್ಬರಾದ ಮೊಸರಕಲ್ಲಿನ ಗೋಪಾಲದಾಸರು ಹುಟ್ಟಿದ ತಾಲೂಕು ಅದು. ಪಕ್ಕದ ಮಾನವಿ ಇನ್ನೊಬ್ಬ ಹರಿದಾಸರಾದ ಜಗನ್ನಾಥದಾಸರ ಊರು. ಜಗನ್ನಾಥದಾಸರು ಕಾಲವಾದುದು 1809ರಲ್ಲಿ, ಆದಕಾರಣ ತಮ್ಮ ಪದಗಳಿಗೆ ಮುಂದೊಂದು ದಿನ ಪೇಟಿ ಜೊತೆಗೂಡುವುದೆಂಬುದನ್ನು ಅವರು ಅರಿತಿರಲಾರರು. ಇಂದು ಅವರ ಪದವನ್ನು ಪೇಟಿಯಿಲ್ಲದೆ ಹಾಡುವ ಮಂಡಳಿಯನ್ನು ಹುಡುಕಬೇಕು.

ತಿದಿಯ ತೊಗಲನ್ನು ಇಲಿಗಳು ತಿಂದಿದ್ದವು. ಬಿಸಿಲಿಗೆ ಹಲಗೆ ಸೀಳಿ ಗಾಳಿ ಸೋರುತ್ತಿದ್ದಿತು. ಮೆಟ್ಟುಗಾಲಿನ ಪಟ್ಟಿ ಹರಿದಿದ್ದಿತು. ಇವೆಲ್ಲವೂ ಬಡಗಿಯ ಮತ್ತು ಚಮ್ಮಾರನ ಕೆಲಸಗಳು, ತಾಳ್ಮೆಯಿದ್ದರೆ ಸಾಗುವಂಥವು. ಕಠಿನವಾದುದು ನಾಲಗೆಗಳ ಕೆಲಸ. ಹಿತ್ತಾಳೆಯ ನಾಲಗೆಯ ತುದಿಯನ್ನು ಕೊಂಚ ಕೆರೆದರೆ ಅದು ಹಗುರಾಗಿ ಸ್ವರವೇರುತ್ತದೆ. ಬುಡದಲ್ಲಿ ಕೆರೆದರೆ ಸಡಿಲಾಗಿ ಸ್ವರವಿಳಿಯುತ್ತದೆ. ಒಂದೇ ಕೀಲಿಯನ್ನೊತ್ತಿದಾಗ ಜೊತೆಯಾಗಿ ನುಡಿಯುವ ಎರಡು ನಾಲಗೆಗಳಲ್ಲಿ ಕೂದಲೆಳೆಯಷ್ಟು ಭೇದವಿದ್ದರೂ ನಾದದಲ್ಲಿ ಅಲೆಯೆದ್ದು ತೊನೆಯುತ್ತದೆ. ಆ ಅಲೆ ನಿಧಾನವಾಗಿ, ಇನ್ನೂ ನಿಧಾನವಾಗಿ, ಕಡೆಗೆ ಎರಡು ಧ್ವನಿಗಳು ಒಂದಾಗಿ ನಿಲ್ಲುವ ಕ್ಷಣವನ್ನು ಕಿವಿಯೇ ಹಿಡಿಯಬೇಕು. ಒಮ್ಮೆ, ವರ್ಷಗಳ ಹಿಂದೆ, ಮಂದ್ರದ ಷಡ್ಜವೊಂದನ್ನು ಅವಸರದಿಂದ ಅತಿಯಾಗಿ ಕೆರೆದು ಮುರಿದೆನು. ಅದು ಮುರಿದ ಆ ಸದ್ದು ಇಂದಿಗೂ ನನ್ನನ್ನು ನೋಯಿಸುತ್ತದೆ.

ಗುಜರಾತಿನ ಪಾಲೀತಾಣದಿಂದ ಹೊಸ ನಾಲಗೆಗಳನ್ನು ತರಿಸಿ ಎಲ್ಲವನ್ನೂ ಬದಲಿಸಬಾರದೇಕೆ ಎಂದು ಮಂಡಳಿಯವರು ಕೇಳಿದರು. ಪಾಲೀತಾಣದ ಕೆಲಸ ಉತ್ತಮವಾದುದು, ಅದರಲ್ಲಿ ಸಂದೇಹವಿಲ್ಲ. ಆದರೆ ನಾಲಗೆ ಬದಲಾದ ಪೇಟಿ ಬೇರೆಯೇ ಪೇಟಿ. ಅವರ ಅಜ್ಜಂದಿರು ಯಾವ ಕಂಠದೊಡನೆ ತಮ್ಮ ಕಂಠವನ್ನು ಕೂಡಿಸಿ ಹಾಡಿದರೋ ಅದು ಆ ಹಳೆಯ ಹಿತ್ತಾಳೆಯಲ್ಲಿದೆ. ಮುರಿದಿದ್ದ ಮೂರನ್ನು ಮಾತ್ರ ಬದಲಿಸಿ ಉಳಿದುವನ್ನು ಒಂದೊಂದಾಗಿ ತೊಳೆದು, ಕಿಲುಬು ಬಿಡಿಸಿ, ಕೂರಿಸಿದೆನು. ನಾಲ್ಕು ತಿಂಗಳು ಹಿಡಿಯಿತು.

ಹಾರ್ಮೋನಿಯಮ್ಮಿನಲ್ಲಿ ಮೀಂಡು, ಎಂದರೆ ಸ್ವರದಿಂದ ಸ್ವರಕ್ಕೆ ಜಾರುವ ನಡೆ, ಬಾರದೆಂಬುದು ನಿಜ. ಇಂಥ ಆಕ್ಷೇಪಗಳಿಂದಲೇ ಆಕಾಶವಾಣಿಯು 1940ರಿಂದ ಈ ವಾದ್ಯವನ್ನು ದೂರವಿಟ್ಟು, 1971ರಲ್ಲಿ ಆ ನಿಷೇಧವನ್ನು ಸಡಿಲಿಸಿತು. ಆದರೂ ಭಜನೆಗೆ ಕುಳಿತ ಹತ್ತು ಮಂದಿಯ ಶ್ರುತಿಯನ್ನು ಒಂದೇ ನೆಲೆಯಲ್ಲಿ ಹಿಡಿದಿಡುವ ಸಾಮರ್ಥ್ಯವು ಆ ಮೂವತ್ತು ವರ್ಷಗಳಲ್ಲಿಯೂ ಪೇಟಿಯನ್ನು ಹಳ್ಳಿಗಳಲ್ಲಿ ಉಳಿಸಿತೆಂದೇ ನಾನು ನಂಬಿದ್ದೇನೆ.

ದೇವದುರ್ಗದ ಕಡೆಯ ಆ ಪೇಟಿ ಈಗ ಪ್ರತಿ ಏಕಾದಶಿಯ ರಾತ್ರಿ ನುಡಿಯುತ್ತಿದೆ. ನಿಮ್ಮ ಮನೆಯ ಅಟ್ಟದ ಮೇಲೆ ಅಂಥದೊಂದಿದ್ದರೆ ದಯಮಾಡಿ ಹಿತ್ತಾಳೆಯ ತೂಕಕ್ಕೆ ಮಾರಬೇಡಿರಿ. ನಾಲಗೆಗಳನ್ನು ಉಜ್ಜಲೂ ಹೋಗದೆ, ಇದ್ದಂತೆಯೇ ಬಟ್ಟೆಯಲ್ಲಿ ಸುತ್ತಿ, ಬಲ್ಲವರೊಬ್ಬರ ಬಳಿಗೆ ಒಯ್ಯಿರಿ.