ಆಯಿಯ ಕ್ಯಾಸೆಟ್ಟೂ 19 ವೋಲ್ಟೂ

ನಮ್ಮ ಮುತ್ಯಾ ತುಬಚಿಯ ಭಜನಿ ಮೇಳದಲ್ಲಿ ತತ್ವಪದ ಹಾಡುತ್ತಿದ್ದರು. ನಾನು ಅವರನ್ನು ನೋಡಿಲ್ಲ. ಮನೆಯಲ್ಲಿ ಉಳಿದಿದ್ದು ಒಂದು ಕ್ಯಾಸೆಟ್ ಮಾತ್ರ. ದುಡಿಯಲು ಮುಂಬೈಗೆ ಹೋಗಿದ್ದ ಸಂಬಂಧಿಕರೊಬ್ಬರು ಟೇಪ್ ರೆಕಾರ್ಡರ್ ತಂದಿದ್ದಾಗ ಒಂದು ರಾತ್ರಿಯ ಭಜನಿಯನ್ನು ಅದರಲ್ಲಿ ಹಿಡಿದಿದ್ದರಂತೆ. ಆ ಟೇಪ್ ಕೆಟ್ಟು ಎಷ್ಟೋ ವರ್ಷವಾಗಿತ್ತು. ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲಿ ನಾನು ಕ್ಯಾಸೆಟ್ಟನ್ನು ಜಮಖಂಡಿಗೆ ಒಯ್ದು ಮೊಬೈಲಿಗೆ ಹಾಕಿಸಿಕೊಂಡು ಬಂದೆ. ಆಯಿಗೆ ಕಿವಿ ಮಂದ. ಮೊಬೈಲನ್ನು ಕಿವಿಗೆ ಹಚ್ಚಿಕೊಂಡು ಸ್ವಲ್ಪ ಹೊತ್ತು ಕೇಳಿ, “ಸೊಳ್ಳಿ ಗುಂಯ್ ಅಂದಂಗ ಆಗತೈತಿ. ಇವರ ದನಿ ಹಿಂಗಿರಲಿಲ್ಲ” ಎಂದು ವಾಪಸು ಕೊಟ್ಟಳು.

ಆಂಪ್ಲಿಫೈಯರ್ ಮಾಡಬೇಕೆಂಬ ಹುಚ್ಚು ನನಗೆ ಹತ್ತಿದ್ದು ಅವತ್ತು. ಪ್ರಥಮ ಪಿಯುಸಿಗೆ ಸೇರುವ ಹೊತ್ತಿಗೆ ಒಂದನ್ನು ಮಾಡಿಯೂ ಮುಗಿಸಿದ್ದೆ. ಎರಡು ಟಿಡಿಎ 2030 ಐಸಿ, ಒಂದು 12-0-12 ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡ್, ಎರಡು ದೊಡ್ಡ ಕೆಪ್ಯಾಸಿಟರ್, ಗುಜರಿಯಲ್ಲಿ ಸಿಕ್ಕ 8 ಓಮಿನ ಎರಡು ಸ್ಪೀಕರ್. ಡಬ್ಬಿಗೆ ಖರ್ಚಿಲ್ಲ, ಆಯಿಯ ಹಳೆಯ ಅಲ್ಯೂಮಿನಿಯಂ ಡಬ್ಬಿಯೇ ಇತ್ತು. ಸ್ವಿಚ್ ಹಾಕಿದೆ. ಹಾಡಿತು. ಆದರೆ ಪದ ಶುರುವಾಗುವ ಮೊದಲೇ ಗುಂಯ್ ಎನ್ನುವ ಸದ್ದು ಶುರುವಾಗುತ್ತಿತ್ತು, ಪದ ಮುಗಿದ ಮೇಲೂ ಉಳಿಯುತ್ತಿತ್ತು.

ಅದರ ಜೊತೆಗೆ ಇನ್ನೊಂದು ತೊಂದರೆ. ನಮ್ಮೂರಿನ ಹೆಸರನ್ನು ನಿಮ್ಮಲ್ಲಿ ಹಲವರು ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಯ ಸುದ್ದಿಯಲ್ಲಿ ಓದಿರಬಹುದು. ಕೃಷ್ಣೆಯ ನೀರನ್ನು ವಿಜಯಪುರ ಜಿಲ್ಲೆಯ ಕಡೆ ಎತ್ತಿ ಕಳಿಸುವ ಆ ಮೋಟಾರುಗಳು ದೊಡ್ಡವು. ನಮ್ಮ ತೋಟದ ಮನೆಯ ಸುತ್ತ ಇರುವವು ಸಣ್ಣ ಪಂಪ್‌ಸೆಟ್ಟುಗಳು, ಆದರೆ ಬಹಳ. ಕಬ್ಬಿಗೆ ನೀರು ಬಿಡಲು ರಾತ್ರಿ ಎದ್ದು ಹೋಗುವುದು ತಪ್ಪಲಿ ಎಂದು ಎಲ್ಲರೂ ಆಟೋ ಸ್ಟಾರ್ಟರ್ ಕೂಡಿಸಿದ್ದಾರೆ. ತ್ರೀ ಫೇಸ್ ಬಂದ ಕೂಡಲೇ ಸುತ್ತಲಿನ ಮೋಟಾರುಗಳೆಲ್ಲ ಒಮ್ಮೆಲೇ ಏಳುತ್ತವೆ. ನಮ್ಮ ಮನೆಯ ಬಲ್ಬು ಕೆಂಪಗಾಗುತ್ತದೆ. ಒಮ್ಮೆ ಮೀಟರ್ ಹಿಡಿದು ನೋಡಿದರೆ 160 ವೋಲ್ಟ್. ಟ್ರಾನ್ಸ್‌ಫಾರ್ಮರಿಗೆ ಸ್ವಂತ ಬುದ್ಧಿ ಇಲ್ಲ. 230 ಕೊಟ್ಟರೆ 12 ಕೊಡುತ್ತದೆ, 160 ಕೊಟ್ಟರೆ 8 ಚಿಲ್ಲರೆ ಕೊಡುತ್ತದೆ. ಆಗ ಮುತ್ಯಾನ ದನಿ ಹರಿದ ತಗಡಿನ ಹಾಗೆ ಕೇಳುತ್ತಿತ್ತು. ನಾನು ಐಸಿಯನ್ನು ಬೈದೆ, ಎರಡು ಸಲ ಬದಲಿಸಿದೆ. ಅದೇ ಗುಂಯ್, ಅದೇ ತಗಡು.

ಜಮಖಂಡಿಯಲ್ಲಿ ರೇಡಿಯೋ, ಟಿವಿ ರಿಪೇರಿ ಮಾಡುವ ಒಬ್ಬ ಹಿರಿಯರಿದ್ದಾರೆ. ಎಲ್ಲರೂ ಅವರನ್ನು ಚಾಚಾ ಎಂದೇ ಕರೆಯುತ್ತಾರೆ. ಕಾಲೇಜು ಬಿಟ್ಟು ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಅವರ ಅಂಗಡಿಯಲ್ಲಿ ಕೂರುವುದು ನನ್ನ ರೂಢಿ. ಡಬ್ಬಿಯನ್ನು ತೆಗೆದುಕೊಂಡು ಹೋದೆ. ಐಸಿಯನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ.

“ಹಾಡೂದು ಐಸಿ ಅಲ್ಲ ಬೇಟಾ, ಹಾಡೂದು ಕರೆಂಟ. ಐಸಿ ಬರೇ ನಳ ತಿರುವತೈತಿ. ಟಾಕ್ಯಾಗ ರಾಡಿ ನೀರ ಇದ್ದರ ನಳದಾಗ ಏನ ಬರತೈತಿ?”

ಈ ಮಾತನ್ನು ನಾನು ಪಠ್ಯಪುಸ್ತಕದಲ್ಲಿ ಓದಿರಲಿಲ್ಲ. ಮೊಬೈಲಿನಿಂದ ಬರುವ ಸಣ್ಣ ಸಂಕೇತ ಸ್ಪೀಕರನ್ನು ಅಲುಗಾಡಿಸುವುದಿಲ್ಲ. ಅಲುಗಾಡಿಸುವುದು ಪವರ್ ಸಪ್ಲೈನಿಂದ ಬಂದ ವಿದ್ಯುತ್ತು. ಆ ಸಂಕೇತ ಹೇಳಿದಂತೆ ಅದನ್ನು ಹೆಚ್ಚು ಕಡಿಮೆ ಮಾಡಿ ಬಿಡುವುದಷ್ಟೇ ಆಂಪ್ಲಿಫೈಯರಿನ ಕೆಲಸ. ನನ್ನ ಗುಂಯ್ ಸದ್ದು 100 ಹರ್ಟ್ಸಿನದು. 50 ಹರ್ಟ್ಸಿನ ವಿದ್ಯುತ್ತನ್ನು ನಾಲ್ಕು ಡಯೋಡುಗಳು ಮಡಚಿದಾಗ ಉಳಿಯುವ ಏರಿಳಿತ ಅದು. ಕೆಪ್ಯಾಸಿಟರ್ ಚಿಕ್ಕದಿದ್ದರೆ, ಅರ್ಥ್ ತಂತಿಗಳನ್ನು ಸಿಕ್ಕಸಿಕ್ಕಲ್ಲಿ ಬೆಸೆದಿದ್ದರೆ ಅದು ನೇರವಾಗಿ ಸ್ಪೀಕರಿಗೆ ಬರುತ್ತದೆ. ನಾನು ಎರಡೂ ತಪ್ಪು ಮಾಡಿದ್ದೆ.

“ಎಸ್‌ಎಂಪಿಎಸ್ ಹಾಕು” ಎಂದರು ಚಾಚಾ.

ದ್ವಿತೀಯ ಪಿಯುಸಿಯವರಿಗೆ ವಿದ್ಯುತ್ಕಾಂತೀಯ ಪ್ರೇರಣೆಯ ಪಾಠ ಆಗಿದೆ. ಕಾಂತೀಯ ಅಭಿವಾಹ ಎಷ್ಟು ಬೇಗ ಬದಲಾಗುತ್ತದೋ ಅಷ್ಟು ಹೆಚ್ಚು ವೋಲ್ಟೇಜ್ ಹುಟ್ಟುತ್ತದೆ. ಎಸ್‌ಎಂಪಿಎಸ್ಸಿನ ಗುಟ್ಟೆಲ್ಲ ಆ ಒಂದು ಸಮೀಕರಣದಲ್ಲಿದೆ. ಅದು ಮನೆಯ 230 ವೋಲ್ಟನ್ನು ನೇರವಾಗಿ ಡಿಸಿ ಮಾಡುತ್ತದೆ, ಅಲ್ಲಿ ಸುಮಾರು 325 ವೋಲ್ಟ್ ನಿಲ್ಲುತ್ತದೆ. ಅದನ್ನು ಒಂದು ಟ್ರಾನ್ಸಿಸ್ಟರ್ ಸೆಕೆಂಡಿಗೆ ಅರವತ್ತು ಎಪ್ಪತ್ತು ಸಾವಿರ ಸಲ, ಕೆಲವದರಲ್ಲಿ ಲಕ್ಷ ಸಲ, ಹಾಕಿ ತೆಗೆದು ಮಾಡುತ್ತದೆ. ಬದಲಾವಣೆ ಇಷ್ಟು ಬೇಗ ಆದಾಗ ಕಿಲೋಗಟ್ಟಲೆ ಕಬ್ಬಿಣ, ಸಾವಿರ ಸುತ್ತು ತಂತಿ ಬೇಕಿಲ್ಲ, ಬೆಂಕಿಪೊಟ್ಟಣದಷ್ಟು ಫೆರೈಟ್ ಸಾಕು. ಹೊರಗೆ ಬಂದ ವೋಲ್ಟೇಜನ್ನು ಅದೇ ಸರ್ಕಿಟ್ ಸದಾ ನೋಡುತ್ತಾ ಇರುತ್ತದೆ. ಕಡಿಮೆಯಾದರೆ ಟ್ರಾನ್ಸಿಸ್ಟರನ್ನು ಇನ್ನಷ್ಟು ಹೊತ್ತು ತೆರೆದಿಡುತ್ತದೆ. ಹಾಗಾಗಿ “100–240 ವೋಲ್ಟ್” ಎಂದು ಬರೆದ ಸಪ್ಲೈಗೆ ನಮ್ಮ ತೋಟದ 160 ವೋಲ್ಟ್ ಏನೂ ಅಲ್ಲ.

ಯಾವ ಎಸ್‌ಎಂಪಿಎಸ್ ಎನ್ನುವುದು ಆಮೇಲಿನ ಪ್ರಶ್ನೆ. ನಾನು ಎಡವಿದ್ದು ಅಲ್ಲಿಯೇ.

ಮೊದಲು ಬೋರ್ಡ್ ಬದಲಿಸಿದೆ. ಟಿಪಿಎ 3116 ಎಂಬ ಕ್ಲಾಸ್ ಡಿ ಐಸಿ ಇರುವ ಸಣ್ಣ ಬೋರ್ಡ್, ಒಂದೇ ವೋಲ್ಟೇಜಿನ ಮೇಲೆ ನಡೆಯುತ್ತದೆ, 26 ವೋಲ್ಟಿನವರೆಗೆ ತಡೆಯುತ್ತದೆ. ಇನ್ನು ಲೆಕ್ಕ. ಇಂಥ ಬೋರ್ಡಿನಿಂದ ಸಿಗುವ ಗರಿಷ್ಠ ಶಕ್ತಿ ಸುಮಾರಾಗಿ ವೋಲ್ಟೇಜಿನ ವರ್ಗವನ್ನು ಸ್ಪೀಕರಿನ ಓಮಿನ ಎರಡರಷ್ಟರಿಂದ ಭಾಗಿಸಿದಷ್ಟು. 8 ಓಮಿಗೆ 12 ವೋಲ್ಟ್ ಕೊಟ್ಟರೆ 9 ವ್ಯಾಟ್, 19 ಕೊಟ್ಟರೆ 22, 24 ಕೊಟ್ಟರೆ 36. ನನ್ನ ಕಣ್ಣು 36ರ ಮೇಲೆ ಬಿತ್ತು. ಆಯಿಗೆ ಬೇಕಾಗಿದ್ದು ಒಂದೆರಡು ವ್ಯಾಟ್ ಎಂಬುದು ಆಗ ನೆನಪಿಗೇ ಬರಲಿಲ್ಲ. ಹದಿನಾರು ವರ್ಷದವನ ತಲೆಯಲ್ಲಿ ವ್ಯಾಟ್ ಹೊಕ್ಕರೆ ಬೇರೆ ಏನೂ ಹೊಗುವುದಿಲ್ಲ.

ತಗಡಿನ ಜಾಲರಿ ಹೊದಿಕೆಯ 24 ವೋಲ್ಟ್ 10 ಆಂಪಿಯರಿನ ಸಪ್ಲೈ ಒಂದನ್ನು ಅಗ್ಗಕ್ಕೆ ತಂದೆ. ಎಲ್‌ಇಡಿ ಬೋರ್ಡುಗಳಿಗೆ ಹಾಕುತ್ತಾರಲ್ಲ, ಅಂಥದು. ಗೆಳೆಯರು ಹೆದರಿಸಿದರು, 10 ಆಂಪಿಯರ್ ಹಾಕಿದರೆ ಬೋರ್ಡ್ ಸುಡುತ್ತದೆ ಎಂದು. ಅದು ಸುಳ್ಳು. ಕಾಲುವೆ ಎಷ್ಟೇ ದೊಡ್ಡದಿರಲಿ, ನೀವು ಮಡಿಗೆ ತಿರುಗಿಸಿಕೊಂಡಷ್ಟೇ ನೀರು ಬರುತ್ತದೆ. ಬೋರ್ಡ್ ಸುಡುವುದು ವೋಲ್ಟ್ ಹೆಚ್ಚಾದರೆ. ಈ ಸಪ್ಲೈಗಳಲ್ಲಿ ಸ್ಕ್ರೂಡ್ರೈವರಿನಿಂದ ತಿರುಗಿಸುವ ಒಂದು ಗುಂಡಿ ಇರುತ್ತದೆ, ಯಾರಾದರೂ ಮೊದಲೇ ತಿರುಗಿಸಿದ್ದರೆ 24 ಎಂದು ಬರೆದದ್ದು 27 ಆಗಿರಬಹುದು. ಅಗ್ಗದ ಬೋರ್ಡುಗಳಲ್ಲಿ ಐಸಿ 26 ತಡೆದರೂ ಅದರ ಪಕ್ಕದ ಕೆಪ್ಯಾಸಿಟರಿನ ಮೇಲೆ 25 ಎಂದಷ್ಟೇ ಬರೆದಿರುತ್ತದೆ. ಇನ್ನು ಕೆಲವು ಸಪ್ಲೈಗಳ ಪಕ್ಕದಲ್ಲಿ 110/220 ಎಂಬ ಜಾರುವ ಸ್ವಿಚ್ ಇರುತ್ತದೆ. ಅದು 110ರಲ್ಲಿದ್ದಾಗ ನಮ್ಮ ಪ್ಲಗ್ಗಿಗೆ ಹಾಕಿದರೆ ಪಟಾಕಿ. ಇಷ್ಟನ್ನೆಲ್ಲ ನಾನು ನೋಡಿಯೇ ಹಾಕಿದ್ದೆ. ಗುಂಯ್ ಹೋಗಿತ್ತು. ಮೋಟಾರುಗಳು ಎದ್ದರೂ ಮುತ್ಯಾನ ದನಿ ಅಲುಗಲಿಲ್ಲ. ನಾನು ಗೆದ್ದೆ ಎಂದುಕೊಂಡೆ.

ಮರುದಿನ ಮುಂಜಾನೆ ಆಯಿಯ ರೇಡಿಯೋ ಗೊರಗೊರ ಎನ್ನತೊಡಗಿತು. ಆಯಿಗೆ ಧಾರವಾಡ ಆಕಾಶವಾಣಿ ಬೇಕೇ ಬೇಕು, ಆ ನಿಲಯ ಶುರುವಾದದ್ದು 1950ರಲ್ಲಿ, ಅವಳಿಗೆ ಅದು ಹೆಚ್ಚುಕಡಿಮೆ ಓರಗೆಯದು. ನನ್ನ ಸಪ್ಲೈ ಆಫ್ ಮಾಡಿದರೆ ರೇಡಿಯೋ ಸರಿ, ಆನ್ ಮಾಡಿದರೆ ಗೊರಗೊರ. ಸೆಕೆಂಡಿಗೆ ಅರವತ್ತು ಸಾವಿರ ಸಲ ಹಾಕಿ ತೆಗೆಯುವ ಸರ್ಕಿಟ್ಟಿನ ಗುಣಕಗಳು ಮೀಡಿಯಂ ವೇವಿನ 531ರಿಂದ 1602 ಕಿಲೋಹರ್ಟ್ಸಿನ ಪಟ್ಟಿಯಲ್ಲಿ ಸಾಲಾಗಿ ಬಂದು ಕೂರುತ್ತವೆ. ಒಳ್ಳೆಯ ಸಪ್ಲೈಯಲ್ಲಿ ಅವನ್ನು ತಡೆಯುವ ಸುರುಳಿ, ಕೆಪ್ಯಾಸಿಟರ್ ಇರುತ್ತವೆ. ಅಗ್ಗದವುಗಳಲ್ಲಿ ಆ ಜಾಗ ಖಾಲಿ, ಇಲ್ಲವೇ ಅರೆಬರೆ. ಕೈಯಲ್ಲಿ ಹಿಡಿದರೇ ತಿಳಿಯುತ್ತದೆ. 240 ವ್ಯಾಟ್ ಎಂದು ಬರೆದುಕೊಂಡ ವಸ್ತು ಅಷ್ಟು ಹಗುರ ಇರಬಾರದಿತ್ತು.

ಅದನ್ನೂ ಸಹಿಸಿಕೊಳ್ಳುತ್ತಿದ್ದೆನೇನೋ. ಆದರೆ ಆ ಸಂಜೆ ಆಯಿ ದನಿ ಏರಿಸಲೆಂದು ಡಬ್ಬಿಗೆ ಕೈ ಹಚ್ಚಿದಳು. ಹೊರಗೆ ಮಳೆ ಬಂದಿತ್ತು, ನೆಲ ಹಸಿ, ಬರಿಗಾಲು. ಚಟ್ಟನೆ ಕೈ ಹಿಂದೆ ತೆಗೆದು, ಎದೆಗೆ ಹಚ್ಚಿಕೊಂಡು ನಿಂತಳು. ಏನೂ ಆಗಿರಲಿಲ್ಲ. “ಜುಮ್ ಅಂತು” ಎಂದಳು ಅಷ್ಟೇ. ನಾನು ಟೆಸ್ಟರ್ ಹಚ್ಚಿದೆ, ಡಬ್ಬಿಯ ಮೇಲೆ ಬಲ್ಬು ಹೊತ್ತಿತು. ನನ್ನ ಕಾಲು ನಡುಗಿದವು. ಅಪ್ಪ ಏನೂ ಬೈಯಲಿಲ್ಲ, ಪ್ಲಗ್ ಕಿತ್ತು ಡಬ್ಬಿಯನ್ನು ಕಪಾಟಿನ ಮೇಲಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಚಾಚಾ ಬೈದರು. ಈ ಸಪ್ಲೈಗಳು ಗದ್ದಲವನ್ನು ಅರ್ಥಿಗೆ ಕಳಿಸಲು ಒಳಗಿನ ಎರಡು ಸಣ್ಣ ಕೆಪ್ಯಾಸಿಟರುಗಳನ್ನು ತಗಡಿನ ಮೈಗೆ ಜೋಡಿಸಿರುತ್ತವೆ. ಅರ್ಥ್ ತಂತಿ ಹಾಕದಿದ್ದರೆ ಆ ಮೈ ಸುಮಾರು 115 ವೋಲ್ಟಿನಲ್ಲಿ ತೇಲುತ್ತದೆ. ಹರಿಯುವ ಕರೆಂಟು ಬಹಳ ಸಣ್ಣದು, ಜುಮ್ ಎನ್ನುವಷ್ಟು. ಆದರೆ ಅಗ್ಗದ ಸಪ್ಲೈಯಲ್ಲಿ ಆ ಕೆಪ್ಯಾಸಿಟರ್ ಸರಿಯಾದ ಜಾತಿಯದಲ್ಲದೆ ಒಂದು ದಿನ ಶಾರ್ಟ್ ಆದರೆ ಮೈಯೇ ಫೇಸ್. ನಮ್ಮ ತೋಟದ ಮನೆಯ ಪ್ಲಗ್ಗಿನಲ್ಲಿ ಮೂರನೆಯ ತೂತು ಇತ್ತು, ಹಿಂದೆ ತಂತಿ ಇರಲಿಲ್ಲ. ನಾನು ಎರಡು ತಂತಿಯ ವೈರ್ ಹಾಕಿದ್ದೆ. ಮೇಲೆ ತಗಡಿನ ಡಬ್ಬಿ ಬೇರೆ.

“ಸಪ್ಲೈ ಆರಿಸುವಾಗ ವ್ಯಾಟ್ ಆಮ್ಯಾಲ ಕೇಳು. ಯಾರ ಮುಟ್ಟತಾರ ಅಂತ ಮದಲ ಕೇಳು” ಎಂದ ಚಾಚಾ ತಮ್ಮ ಹೆಬ್ಬೆರಳಿನ ಬಿಳಿ ಕಲೆ ತೋರಿಸಿದರು. ಪ್ಲಗ್ ಕಿತ್ತ ಎಸ್‌ಎಂಪಿಎಸ್ ಬಿಚ್ಚಿ, ದೊಡ್ಡ ಕೆಪ್ಯಾಸಿಟರಿಗೆ ಕೈ ತಾಗಿ ಆದದ್ದು. ಪ್ಲಗ್ ಕಿತ್ತ ಮೇಲೂ 300 ವೋಲ್ಟ್ ಅಲ್ಲಿ ಕಾಯುತ್ತಾ ಕೂತಿರಬಹುದು. ಹಾಸ್ಟೆಲಿನ ಗೆಳೆಯರಿಗೆ ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮಲ್ಲಿ ಇಬ್ಬರು ಹಳೆಯ ಕಂಪ್ಯೂಟರಿನ ಸಪ್ಲೈ ಬಿಚ್ಚಿ ಕೂತದ್ದನ್ನು ನಾನೇ ನೋಡಿದ್ದೇನೆ. ಅದರ ಹಸಿರು ತಂತಿಯನ್ನು ಕಪ್ಪು ತಂತಿಗೆ ಸೇರಿಸಿದರೆ ಶುರುವಾಗುತ್ತದೆ, ಹಳದಿಯಲ್ಲಿ 12 ವೋಲ್ಟ್ ಸಿಗುತ್ತದೆ, ಇದಕ್ಕೆ ಡಬ್ಬಿ ಬಿಚ್ಚುವ ಅಗತ್ಯವೇ ಇಲ್ಲ.

ನನಗೆ ಚಾಚಾ ಕೊಟ್ಟದ್ದು ಲ್ಯಾಪ್‌ಟಾಪಿನ ಹಳೆಯ ಅಡಾಪ್ಟರ್. 19 ವೋಲ್ಟ್, 3.42 ಆಂಪಿಯರ್, ಅಂದರೆ 65 ವ್ಯಾಟ್. ನನ್ನ ಎರಡು ಸ್ಪೀಕರುಗಳು ಪೂರ್ತಿ ಕೂಗಿದರೂ 44 ವ್ಯಾಟ್, ಬೋರ್ಡಿನ ನಷ್ಟ ಸೇರಿಸಿದರೆ 50ರ ಹತ್ತಿರ. ಸಾಕು. ಪೂರ್ತಿ ಮುಚ್ಚಿದ ಪ್ಲಾಸ್ಟಿಕ್ ಮೈ, ಒಳಗೆ ಬೆರಳು ಹೋಗುವುದಿಲ್ಲ. ಮೂರು ಪಿನ್ನಿನ ಪ್ಲಗ್. ಚೀಟಿಯ ಮೇಲೆ ಐಎಸ್ 13252 ಎಂಬ ಗುರುತು, ಅದರ ಜೊತೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ. ಹೊಸದು ಕೊಳ್ಳುವವರು ಬೇರೇನೂ ನೋಡದಿದ್ದರೂ ಆ ನೋಂದಣಿ ಸಂಖ್ಯೆಯನ್ನು ನೋಡಿ. ಬೋರ್ಡಿನ ಬಾಯಲ್ಲಿ 2200 ಮೈಕ್ರೋಫ್ಯಾರಡ್, 35 ವೋಲ್ಟಿನ ಒಂದು ಕೆಪ್ಯಾಸಿಟರ್ ಬೆಸೆದೆ; ಡೋಲಿನ ಪೆಟ್ಟಿಗೆ ಒಮ್ಮೆಲೇ ಕರೆಂಟು ಬೇಕಾದಾಗ ಅದು ಕೈ ಕೊಡುತ್ತದೆ ಎಂದು. ಹೆಚ್ಚು ಹಾಕಲು ಹೋದೆ, ಅಡಾಪ್ಟರ್ ಅದನ್ನು ಶಾರ್ಟ್ ಎಂದು ತಿಳಿದು ಟಿಕ್ ಟಿಕ್ ಎನ್ನುತ್ತಾ ಶುರುವಾಗಲೇ ಇಲ್ಲ. ತೆಗೆದೆ. ಹಾಂ, ಮೊಬೈಲನ್ನು ಚಾರ್ಜಿಗೆ ಹಾಕಿಕೊಂಡು ಹಾಡು ಹಚ್ಚಬೇಡಿ, ಚಾರ್ಜರಿನ ಗದ್ದಲವೂ ಸ್ಪೀಕರಿಗೆ ಬರುತ್ತದೆ.

ಅಪ್ಪ ವೈರಮನ್ ಕರೆಸಿದರು. ಮನೆಯ ಹಿಂದೆ ಗುಂಡಿ ತೋಡಿ, ಪೈಪು ನಿಲ್ಲಿಸಿ, ಇದ್ದಿಲು ಉಪ್ಪು ತುಂಬಿ ಅರ್ಥಿಂಗ್ ಮಾಡಿಸಿದೆವು. ಅದಕ್ಕೆ ಆಂಪ್ಲಿಫೈಯರಿಗಿಂತ ಹೆಚ್ಚು ಖರ್ಚಾಯಿತು. ಅಲ್ಯೂಮಿನಿಯಂ ಡಬ್ಬಿ ಅಡುಗೆ ಮನೆಗೆ ವಾಪಸು ಹೋಯಿತು, ಅದರ ತೂತುಗಳನ್ನು ನೋಡಿ ಅವ್ವ ಇನ್ನೂ ಗೊಣಗುತ್ತಾಳೆ. ಬೋರ್ಡ್ ಈಗ ಕಟ್ಟಿಗೆಯ ಪೆಟ್ಟಿಗೆಯಲ್ಲಿದೆ.

ಆಯಿ ಮೊದಲು ಹತ್ತಿರ ಬರಲಿಲ್ಲ. ದನಿ ಏರಿಸುವ ಗುಂಡಿಯನ್ನು ನಾನೇ ತಿರುಗಿಸಿದೆ. ಪದ ಶುರುವಾಗುವ ಮೊದಲು ಯಾರೋ ಒಬ್ಬರು ಕೆಮ್ಮುವುದು ಕೇಳಿಸಿತು. ಅಷ್ಟು ಸಲ ಆ ಕ್ಯಾಸೆಟ್ ಕೇಳಿದ್ದೆ, ಗುಂಯ್ ಸದ್ದಿನಡಿ ಆ ಕೆಮ್ಮು ಇತ್ತೆಂದು ನನಗೆ ಗೊತ್ತೇ ಇರಲಿಲ್ಲ. ಆಯಿ ಗೋಡೆ ಬಿಟ್ಟು ಎದ್ದು ಬಂದು ಸ್ಪೀಕರಿನ ಮುಂದೆ ಕುಳಿತಳು. “ಇವರ ಕೆಮ್ಮ. ಹಾಡೂಕ್ಕಿಂತ ಮದಲ ಹಿಂಗ ಕೆಮ್ಮತಿದ್ದರು” ಎಂದಳು. ಆಮೇಲೆ, “ಸ್ವಲ್ಪ ಕಡಿಮಿ ಮಾಡೋ, ಇಷ್ಟ ಜೋರ ಬ್ಯಾಡ” ಎಂದಳು.

ಅಡಾಪ್ಟರಿನ 300 ರೂಪಾಯಿ ಚಾಚಾಗೆ ಇನ್ನೂ ಕೊಟ್ಟಿಲ್ಲ. ಶನಿವಾರ ಕೊಡುತ್ತೇನೆಂದು ಮೂರು ಶನಿವಾರ ಆಯಿತು.